ಸುಟ್ಟ ತಂತಿಯ ಬೇವಿನ ಗಿಡ

ಸುಟ್ಟ ಮೋಟರಿನ ಹೊಟ್ಟೆಯಿಂದ ಕಿತ್ತ ತಾಮ್ರದ ತಂತಿಯಿಂದ ನಾನು ಮಾಡಿದ ಮೊದಲನೆಯ ಗಿಡ ಥೇಟ್ ಕಸಬರಿಗೆಯ ಹಾಗಿತ್ತು. ಅಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, "ಇದರ ನೆರಳಿಗೆ ಯಾವ ದನಾ ಬಂದು ಮಲಗತೈತಲೇ?" ಎಂದು ನಕ್ಕ. ಕೆಲಸದಿಂದ ಅಮಾನತಾದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಆ ಗಿಡಗಳನ್ನು ನೋಡಿ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ನಾನು ಅಣ್ಣಿಗೇರಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು, ಸುಟ್ಟ ತಂತಿ ಕಿತ್ತು ಹೊಸದು ಸುತ್ತುವುದು ನನ್ನ ಕಸುಬು. ಮೊರಬ, ಶಲವಡಿ ಕಡೆಯವರು ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸರು ತಂದು ಹಾಕುತ್ತಾರೆ. ನಾನು ಬೈಯುತ್ತ ಬೈಯುತ್ತ ಸರಿ ಮಾಡಿಕೊಡುತ್ತೇನೆ. ಅಣ್ಣ ರೈಲ್ವೆಯಲ್ಲಿ ಗೇಟ್‌ಮನ್. ಎರೆ ಹೊಲಗಳ ನಡುವೆ, ಊರಿನಿಂದ ದೂರ, ಒಂದು ಗೇಟು, ಒಂದು ಕೋಣೆ, ಒಂದು ಫೋನು. ಒಂದು ಗಾಡಿ ಹೋಗಿ ಇನ್ನೊಂದು ಬರುವತನಕ ಅವನು ಆ ಕೋಣೆಯಲ್ಲಿ ಕೂತು ತಗಡು, ರಟ್ಟು, ಸೈಕಲ್ ಕಡ್ಡಿಗಳಿಂದ ಪುಟ್ಟ ರೈಲು ಮಾಡುತ್ತಿದ್ದ. ಒಂದು ಉದ್ದನೆಯ ಪ್ಲೈವುಡ್ ಹಲಗೆ. ಅದರ ಮೇಲೆ ಅವನದೇ ಗೇಟು, ಅವನದೇ ಕೋಣೆ, ಗೇಟಿನ ಆಚೆಯ ಹಳಿಯ ತಿರುವು. ನಿಜದ ಒಂದು ಮೀಟರು ಹಲಗೆಯ ಮೇಲೆ ಒಂದು ಸೆಂಟಿಮೀಟರು. ಇಂಜಿನ್ನಿನೊಳಗಿನ ಸಣ್ಣ ಮೋಟರನ್ನು ನಾನೇ ಸುತ್ತಿಕೊಟ್ಟಿದ್ದೆ. ಹಳಿ ಆಗಿತ್ತು, ಗಾಡಿ ಓಡುತ್ತಿತ್ತು, ಡಬ್ಬಿಗಳಿಗೆ ಒಂದೊಂದಾಗಿ ಬಣ್ಣ ಬೀಳುತ್ತಿತ್ತು. ಗಿಡ ಮಾತ್ರ ಒಂದೂ ಇರಲಿಲ್ಲ. "ಗಿಡಾ ನಿವೃತ್ತಿ ಆದಮ್ಯಾಲ ಮಾಡೂಣು" ಎನ್ನುತ್ತಿದ್ದ.

ಆ ವರ್ಷ ಕಡಲೆ ಕೀಳುವ ಹೊತ್ತಿನಲ್ಲಿ, ಒಂದು ಮುಂಜಾನೆ, ಆ ಗೇಟಿನಲ್ಲಿ ಆಗಬಾರದ್ದು ಆಯಿತು. ಸ್ಟೇಷನ್ನಿನಿಂದ ಬರುವ ಫೋನು ಸತ್ತಿತ್ತು. ಫೋನಿಲ್ಲದಾಗ ಗೇಟು ಹಾಕಿಯೇ ಇಡಬೇಕು. ಯಾರಾದರೂ ಬಂದರೆ ಹಳಿಯ ಎರಡೂ ದಿಕ್ಕಿಗೆ ಕಣ್ಣಾರೆ ನೋಡಿ, ಗಾಡಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಎತ್ತಬೇಕು. ಕಡಲೆ ಕೀಳುವ ಹೆಣ್ಣುಮಕ್ಕಳನ್ನು ತುಂಬಿಕೊಂಡು ಟ್ರ್ಯಾಕ್ಟರ್ ಬಂತು. ಅಣ್ಣ ಗೇಟು ಎತ್ತಿದ. ತಿರುವಿನ ಕಡೆಯಿಂದ ಗಾಡಿ ಬಂದು ಟ್ರೇಲರಿನ ಹಿಂಬದಿಗೆ ಬಡಿಯಿತು. ಬಹಳ ಮಂದಿಗೆ ಗಾಯವಾಯಿತು. ತುದಿಗೆ ಕೂತಿದ್ದ ಒಬ್ಬ ಹೆಣ್ಣುಮಗಳ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ವಿಚಾರಣೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅಣ್ಣ ನೋಡಿ ಗೇಟು ಎತ್ತಿದನೋ, ನೋಡದೆ ಎತ್ತಿದನೋ. ನೋಡದೆ ಎತ್ತಿದ್ದರೆ ಕೆಲಸ ಹೋಯಿತು, ಮಾನವೂ ಹೋಯಿತು. ಅಣ್ಣ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ: "ನೋಡೇನಿ. ತಿರುವಿನ ಬಾಜು ದೊಡ್ಡ ಬೇವಿನ ಗಿಡಾ ಐತಲ್ಲ, ಅದು ಅಡ್ಡ ಆಗಿತ್ತು. ಗಾಡಿ ಕಾಣಲಿಲ್ಲ." ಹೋಗಿ ನೋಡೋಣವೆಂದರೆ ಆ ಗಿಡವೇ ಇಲ್ಲ. ಎರಡನೆಯ ಹಳಿ ಹಾಕುವ ಕೆಲಸಕ್ಕೆ ಬೇಸಿಗೆಯಲ್ಲಿ ಅಲ್ಲಿನ ಗಿಡಗಳನ್ನೆಲ್ಲ ಬುಡಸಮೇತ ತೆಗೆದಿದ್ದರು. ಒಂದು ಫೋಟೋ ಕೂಡ ಯಾರ ಹತ್ತಿರವೂ ಸಿಗಲಿಲ್ಲ.

ಹಲಗೆಯ ವಿಚಾರ ತೆಗೆದದ್ದು ಅಣ್ಣನ ಪರ ಓಡಾಡುತ್ತಿದ್ದ ಯೂನಿಯನ್ ಮುಖಂಡ. ಅಣ್ಣನ ಮನೆಗೆ ಬಂದವನು, ಗೇಟಿನ ಕೋಣೆಯಿಂದ ತಂದು ಗೋಡೆಗೆ ಒರಗಿಸಿಟ್ಟ ಹಲಗೆ ನೋಡಿ ಚಹಾದ ಕಪ್ಪನ್ನು ಕೆಳಗಿಟ್ಟ. "ಅಳತಿ ಖರೇ ಅಳತಿ ಐತೇನ್ರಿ ಇದು? ಹಂಗಾರ ಇದನ್ನ ಸಾಹೇಬರ ಮುಂದ ಇಡೂಣು. ಕ್ವಾಣಿ ಕಿಡಕ್ಯಾಗ ಕಣ್ಣಿಟ್ಟು ಅವರ ನೋಡ್ಲಿ. ಗಿಡಾ ಅಡ್ಡ ಬರತೈತೋ ಇಲ್ಲೋ ಅವರಿಗೇ ತಿಳೀತೈತಿ. ಗಿಡಾ ಮಾಡೋರು ಯಾರು?" ಎಂದ. ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಮುಖ ನೋಡಿದರು. ಅಣ್ಣ ಮಾತ್ರ ಹಲಗೆಯ ಕಡೆ ನೋಡಲಿಲ್ಲ. ಸಿದ್ಧ ಗಿಡಗಳು ಪೇಟೆಯಲ್ಲಿ ಸಿಗುತ್ತವಂತೆ, ಆದರೆ ಒಂದೊಂದಕ್ಕೆ ಹೇಳುವ ದರ ಕೇಳಿದರೆ ನಿಜದ ಗಿಡವನ್ನೇ ಕೊಂಡು ತರಬಹುದು. ಅಲ್ಲದೆ ಅವೆಲ್ಲ ಹಿಮ ಬೀಳುವ ದೇಶದ ಗಿಡಗಳು. ನಮ್ಮ ಬೇವು, ಹುಣಸೆ, ಬಳ್ಳಾರಿ ಜಾಲಿ ಯಾರು ಮಾಡುತ್ತಾರೆ?

ಹೀಗೆ ಶ್ರಾವಣದಲ್ಲಿ ಕೆಲಸ ಹಿಡಿದೆ. ಅಂಗಡಿಯಲ್ಲಿ ಸುಟ್ಟ ತಂತಿಗೆ ಬರವಿಲ್ಲ. ಕಸಬರಿಗೆಯಂಥದು ಎರಡು ಮೂರು ಆದ ಮೇಲೆ ದಾರಿ ಹೊಳೆಯಿತು. ತಂತಿಯನ್ನು ಮತ್ತೊಮ್ಮೆ ಬೆಂಕಿಗೆ ಹಿಡಿದರೆ ಮೇಲಿನ ಲೇಪ ಉದುರಿ ತಾಮ್ರ ಮೆತ್ತಗಾಗುತ್ತದೆ. ಗೇಣುದ್ದದ ಎಳೆಗಳನ್ನು ಒಂದು ಹಿಡಿಯಷ್ಟು ಮಡಚಿ, ಮೊಳೆಗೆ ಸಿಕ್ಕಿಸಿ, ತುದಿಯನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ ತಿರುವಬೇಕು. ಕೆಳಗಿನ ಭಾಗ ಹುರಿಯಾಗಿ ಬೊಡ್ಡೆಯಾಗುತ್ತದೆ. ಅಲ್ಲಿಂದ ಮೇಲೆ ಎಳೆಗಳನ್ನು ಎರಡು ಪಾಲು ಮಾಡಿ ತಿರುವು. ಪ್ರತಿ ಪಾಲನ್ನು ಮತ್ತೆ ಎರಡು ಮಾಡು. ಕೊನೆಗೆ ಒಂದೊಂದು ಎಳೆಯೂ ಒಂದೊಂದು ಟೊಂಗೆ. ನಾನು ಮಾಡಿದ ತಪ್ಪು ಎಲ್ಲ ಪಾಲುಗಳನ್ನೂ ಸಮ ಮಾಡಿದ್ದು. ಮೋಟರಿನಲ್ಲಿ ಎಲ್ಲ ಸುರುಳಿಯೂ ಸಮ ಇರಬೇಕು, ಕೈಗೆ ಅದೇ ರೂಢಿ. ಗಿಡ ಹಾಗಿರುವುದಿಲ್ಲ. ಒಂದು ಟೊಂಗೆ ದಪ್ಪ, ಒಂದು ಸಣ್ಣ, ಒಂದನ್ನು ಯಾವನೋ ಹಲ್ಲುಜ್ಜಲು ಮುರಿದಿರುತ್ತಾನೆ.

ತೊಗಟೆಗೆ ಎರೆಮಣ್ಣು ಜರಡಿ ಹಿಡಿದು ಬಿಳಿ ಅಂಟಿಗೆ ಕಲಸಿ ಬಳಿದೆ. ನಮ್ಮ ನೆಲದ ಗಿಡಕ್ಕೆ ನಮ್ಮ ನೆಲದ್ದೇ ಮಣ್ಣು ಎಂದು ಒಳಗೊಳಗೇ ಖುಷಿಪಟ್ಟೆ. ಒಣಗಿದ ಮೇಲೆ ಎರೆಮಣ್ಣು ಬೇಸಿಗೆಯ ಹೊಲದಲ್ಲಿ ಮಾಡುವುದನ್ನೇ ಮಾಡಿತು. ಬಾಯಿ ಬಿಟ್ಟು, ಚಕ್ಕೆ ಚಕ್ಕೆಯಾಗಿ ಎದ್ದು, ಮುಟ್ಟಿದರೆ ಉದುರಿತು. ಹುಟ್ಟಿದಾಗಿನಿಂದ ಆ ಬಿರುಕುಗಳ ಮೇಲೆ ನಡೆದವನಿಗೆ ಅಷ್ಟೂ ಗೊತ್ತಾಗಬಾರದೆ? ನನ್ನ ತಲೆಗಿಷ್ಟು ಬೆಂಕಿ ಹಾಕ ಎಂದುಕೊಂಡೆ. ಎಲ್ಲ ಕೆರೆದು ತೆಗೆದು ಕುಳ್ಳಿನ ಬೂದಿ ಕಲಸಿ ಬಳಿದೆ. ಅದು ನಿಂತಿತು. ಬಣ್ಣವೂ ಬೇವಿನ ಬೊಡ್ಡೆಯ ಬೂದು ಬಣ್ಣವೇ.

ಎಲೆಗೆ ಹರಿದ ಸೋಫಾದೊಳಗಿನ ಸ್ಪಂಜು. ಅದನ್ನು ಕತ್ತರಿಸಿ, ನೀರು ಹಾಕಿ ವೈನಿಯ ಮಿಕ್ಸರಿನಲ್ಲಿ ತಿರುವಿ, ಬಟ್ಟೆಗೆ ಹಾಕುವ ಹಸಿರು ಬಣ್ಣದಲ್ಲಿ ನೆನೆಸಿ, ಹಿಂಡಿ, ಹಂಚಿನ ಮೇಲೆ ಒಣಗಿಸಿದರೆ ರವೆಯಂಥ ಪುಡಿ ಬರುತ್ತದೆ. ಹಸಿರೊಂದನ್ನೇ ಹಾಕಿದಾಗ ಗಿಡ ಪ್ಲಾಸ್ಟಿಕ್ ತೋರಣದ ಹಾಗೆ ಕಂಡಿತು. ಸ್ವಲ್ಪ ಹಳದಿ, ಒಂದು ಚಿಟಿಕೆ ಕಂದು ಬೆರೆಸಿದ ಮೇಲೆ ಬೇವು ಬೇವಾಯಿತು. ಟೊಂಗೆಗಳಿಗೆ ಅಂಟು ಹಚ್ಚಿ ಪುಡಿಯಲ್ಲಿ ಹೊರಳಿಸುವುದು, ಜಾಡಿಸುವುದು, ಮತ್ತೆ ಹಚ್ಚುವುದು. ಮಿಕ್ಸರು ಮಾತ್ರ ಸುಟ್ಟಿತು. ವೈನಿ ಅದನ್ನು ನನ್ನ ಅಂಗಡಿಗೇ ಕಳಿಸಿದರು.

ನನ್ನ ಅಂಗಡಿಯ ಮುಂದೆಯೇ ಒಂದು ಬೇವಿನ ಗಿಡವಿದೆ. ಎಲೆ ಎಷ್ಟು ದಟ್ಟ ಇರಬೇಕು, ಟೊಂಗೆಗಳ ನಡುವೆ ಆಕಾಶ ಎಷ್ಟು ಕಾಣಬೇಕು ಎಂಬುದನ್ನು ಅದನ್ನು ನೋಡಿ ನೋಡಿ ಮಾಡಿದೆ. ಮಳೆ ತೊಳೆದ ಗಿಡ, ತುಂಬು ಹಸಿರು. ಯೂನಿಯನ್ ಮುಖಂಡ ಒಮ್ಮೆ ಬಂದು ನೋಡಿ, "ಅಗದಿ ಮಸ್ತ್ ಮಿಸ್ತ್ರಿ. ಇನ್ನೊಂದೀಟು ದಟ್ಟ ಆದ್ರೂ ನಡೀತೈತಿ" ಎಂದು ಕಣ್ಣು ಹೊಡೆದ. ನನಗೆ ರೇಗಿತು. "ಗಿಡಾ ಹೆಂಗಿತ್ತೋ ಹಂಗ ಮಾಡ್ತೇನ್ರಿ. ಒಂದ ಎಲಿ ಹೆಚ್ಚಿಲ್ಲ, ಒಂದ ಎಲಿ ಕಡಿಮಿ ಇಲ್ಲ" ಎಂದೆ. ಅಣ್ಣನ ಮಾತಿನ ಮೇಲೆ ನನಗೆ ಅಷ್ಟು ಭರವಸೆ ಇತ್ತು. ಖರೆ ಗಿಡ ಇಟ್ಟರೆ ಸಾಕು, ಅವನು ಗೆಲ್ಲುತ್ತಾನೆ ಎಂದೇ ನಂಬಿದ್ದೆ.

ತಿರುವಿನ ಬೇವನ್ನು ಅಣ್ಣ ಹೇಳಿದಂತೆ ಮಾಡಿದೆ. ಆಳೆತ್ತರದಲ್ಲಿ ಬೊಡ್ಡೆ ಎರಡಾಗಿ ಸೀಳಿತ್ತು. ಹಳಿಯ ಕಡೆಯ ಒಂದು ದೊಡ್ಡ ಟೊಂಗೆಯನ್ನು ವಿದ್ಯುತ್ ತಂತಿಗೆ ತಾಗುತ್ತದೆಂದು ಕಡಿದಿದ್ದರು, ಅಲ್ಲೊಂದು ಗಂಟು. ಹೇಳುವಾಗ ಅವನು ನೆಲ ನೋಡುತ್ತಿದ್ದ. ಗಿಡಗಳನ್ನು ಊರುವ ತೂತು ಕೊರೆಯಲು ಹಲಗೆಯನ್ನು ಚಪ್ಪಟೆ ಮಲಗಿಸಿದ ದಿನ, ಗಾಡಿಯ ಡಬ್ಬಿಗಳನ್ನು ಎತ್ತಿಡುವಾಗ ನೋಡಿದರೆ, ಒಂದು ಡಬ್ಬಿ ಒಂದು ಬದಿಗೆ ಮಾತ್ರ ಕೆಂಪಗಿತ್ತು. ಇನ್ನೊಂದು ಬದಿ ಬರೀ ತಗಡು. ಬಣ್ಣದ ಕುಂಚ ಅದರ ಚಾವಣಿಗೇ ಅಂಟಿಕೊಂಡು ಒಣಗಿ ಕಲ್ಲಾಗಿತ್ತು. ಅಣ್ಣ ಸಾಮಾನನ್ನು ಹಾಗೆ ಇಡುವವನೇ ಅಲ್ಲ. ಕುಂಚ ತೊಳೆಯದೆ ಊಟಕ್ಕೆ ಏಳುವವನಲ್ಲ. "ಇದನ್ಯಾಕ ಅರ್ಧಾ ಬಿಟ್ಟಿ?" ಎಂದೆ. ಅವನು ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡು ಟ್ರಂಕಿನಲ್ಲಿ ಹಾಕಿದ. "ಬ್ಯಾಡ ಅದು" ಎಂದ. ಮನಸ್ಸು ನೊಂದಿದೆ ಎಂದುಕೊಂಡು ತೂತು ಕೊರೆಯತೊಡಗಿದೆ.

ವಿಚಾರಣೆಯ ಮುಂದಿನ ತಾರೀಖು ಹತ್ತಿರ ಬಂತು. ಗಿಡಗಳೆಲ್ಲ ಸಿದ್ಧವಾಗಿದ್ದವು, ಆದರೆ ಜಾಡಿಸಿದರೆ ಎಲೆ ಉದುರುತ್ತಿತ್ತು. ಸಾಹೇಬರ ಮುಂದೆ ಇಟ್ಟಾಗ ಬೇವು ಬೋಳಾಗುತ್ತ ಹೋದರೆ? ಆಗ ನಾನು ನನ್ನ ಕಸುಬಿನವರು ಮಾತ್ರ ಮಾಡಬಹುದಾದ ಕೆಲಸ ಮಾಡಿದೆ. ಮೋಟರಿಗೆ ತಂತಿ ಸುತ್ತಿದ ಮೇಲೆ ನಾವು ಅದಕ್ಕೆ ವಾರ್ನಿಷ್ ಕುಡಿಸುತ್ತೇವೆ. ದೊಡ್ಡ ಬಲ್ಬಿನ ಬಿಸಿಯಲ್ಲಿ ಒಣಗಿಸುತ್ತೇವೆ. ಒಂದು ಸಲ ವಾರ್ನಿಷ್ ಕುಡಿದ ತಂತಿ ಜಗ್ಗಿದರೂ ಅಲುಗುವುದಿಲ್ಲ. ತಂತಿ ತಾನೇ ಇದೂ ಎಂದು ಎಲ್ಲ ಗಿಡಗಳನ್ನೂ ಒಂದೊಂದಾಗಿ ವಾರ್ನಿಷಿನಲ್ಲಿ ಅದ್ದಿ, ಸಾಲಾಗಿ ಬಲ್ಬಿನ ಕೆಳಗೆ ನಿಲ್ಲಿಸಿ, ಊಟಕ್ಕೆ ಹೋದೆ.

ತಿರುಗಿ ಬಂದು ಬಲ್ಬು ಆರಿಸಿ ನೋಡಿದೆ. ವಾರ್ನಿಷಿನಲ್ಲಿದ್ದ ತಿನ್ನರ್ ಬಿಳಿ ಅಂಟನ್ನೆಲ್ಲ ತಿಂದುಹಾಕಿತ್ತು. ಎಲೆಗಳು ಕಂದಾಗಿ, ಮುದ್ದೆಯಾಗಿ ಜಾರಿ ಗಿಡಗಳ ಬುಡದಲ್ಲಿ ಬಿದ್ದಿದ್ದವು. ಹುಣಸೆಗಳು ಸತ್ತ ಕಾಗೆಗಳ ಹಾಗೆ ಕಂಡವು. ತಿರುವಿನ ಬೇವಿನ ಮೇಲೆ ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಬರೀ ಟೊಂಗೆ. ಇಷ್ಟು ದಿನದ ದುಡಿಮೆ ಒಂದು ಊಟದ ಹೊತ್ತಿನಲ್ಲಿ ಹಾಳಾಗಿತ್ತು. ಸ್ಟೂಲಿನ ಮೇಲೆ ಕೂತೆ. ಮೋಟರ್ ಕೇಳಲು ಬಂದ ಒಬ್ಬನಿಗೆ ಕಾರಣವಿಲ್ಲದೆ ಬೈದು ಕಳಿಸಿದೆ. ಅಣ್ಣನ ಮನೆ ಮುಳುಗಿಸಿದೆ ಎನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು.

ಅದೇ ಸಂಜೆ ಅವಳು ಬಂದಳು. ಊರುಗೋಲಿನ ಸಪ್ಪಳ ಕೇಳಿ ತಲೆ ಎತ್ತಿದೆ. ಕಾಲು ಕಳೆದುಕೊಂಡ ಹೆಣ್ಣುಮಗಳು. ಕಂಕುಳಲ್ಲಿ ಚೀಲ, ಚೀಲದಲ್ಲಿ ಕೆಟ್ಟ ಮಿಕ್ಸರು. ನಾನು ಯಾರ ತಮ್ಮ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಎದ್ದು ಸ್ಟೂಲು ಕೊಟ್ಟೆ.

"ಹೊಲದ ಕೆಲಸಾ ಮುಗೀತಲ್ಲಪ್ಪಾ, ಈಗ ಮನ್ಯಾಗ ಚಟ್ನಿಪುಡಿ ಮಾಡಿ ಮಾರತೇನಿ. ಇದೂ ಕೈ ಕೊಡ್ತು. ಲಗೂನ ಮಾಡಿಕೊಡು" ಎಂದಳು. ಆಮೇಲೆ ಅವಳ ಕಣ್ಣು ಮೇಜಿನ ಮೇಲಿನ ಬೋಳು ಬೇವಿನ ಮೇಲೆ ನಿಂತಿತು. ಕೈ ಚಾಚಿ ಎತ್ತಿಕೊಂಡಳು. ಸೀಳಿದ ಬೊಡ್ಡೆ, ಕಡಿದ ಟೊಂಗೆಯ ಗಂಟು ಎಲ್ಲ ಬೆರಳಲ್ಲಿ ಸವರಿದಳು.

"ಇದು ಗೇಟಿನ ಬೇವಲ್ಲೇನು?"

"ಹೌದ್ರಿ. ಹೆಂಗ ಗುರುತು ಹಿಡದ್ರಿ?"

"ಹೆಂಗ ಮರೀಲೆಪ್ಪಾ? ಟ್ರೇಲರ್‌ನ್ಯಾಗ ತುದಿಗೆ ಕುಂತಿದ್ದೆ. ಗೇಟ್ ಎತ್ತೂತನಕಾ ಇದನ್ನ ನೋಡಿಕೋತ ಕುಂತಿದ್ದೆ. ಹಿಂಗ ಇತ್ತು ನೋಡು ಅವತ್ತ. ಒಂದ ಎಲಿ ಇರಲಿಲ್ಲ. ಟೊಂಗಿ ತುಂಬ ಗಿಳಿ ಕುಂತಿದ್ವು, ಎಲ್ಲಾ ಕಾಣತಿದ್ವು. ಶಿವರಾತ್ರಿ ಮುಂದ ಬೇವಿನ್ಯಾಗ ಎಲಿ ಎಲ್ಲಿರತಾವು?"

"ವಿಚಾರಣ್ಯಾಗ ಇದನ್ನ ಹೇಳಿದ್ರೇನ್ರಿ?"

"ಸೀಟಿ ಕೇಳಿತೇನಂತ ಕೇಳಿದ್ರು. ಇಲ್ಲ ಅಂದೆ, ಹೆಣ್ಮಕ್ಕಳು ಹಾಡು ಹೇಳಾಕತ್ತಿದ್ರು. ಗಿಡದ ಸುದ್ದಿ ನನ್ನ ಯಾರ ಕೇಳ್ತಾರಪ್ಪಾ?" ಗಿಡವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಊರುಗೋಲು ಹಿಡಿದು ಎದ್ದಳು. "ಭಾಳ ಚಲೋ ಮಾಡೀದಿ" ಎಂದಳು.

ಅವಳು ಹೋದ ಮೇಲೆ ನಾನು ಅಂಗಡಿಯ ಮುಂದಿನ ಬೇವನ್ನು ನೋಡಿದೆ. ಶ್ರಾವಣದ ಗಿಡ ನೋಡಿ ಮಾಘದ ಗಿಡ ಮಾಡಿದ್ದೆ. ವರ್ಷ ವರ್ಷವೂ ಕಡಲೆ ಕೀಳುವ ಹೊತ್ತಿಗೆ ಇದೇ ಗಿಡದ ಒಣ ಎಲೆ ಗುಡಿಸಿ ಗುಡಿಸಿ ಸಾಕಾಗಿ ಬೈದುಕೊಳ್ಳುವವನು ನಾನೇ. ಮರೆತದ್ದಾದರೂ ಹೇಗೆ? ಹಂಗಾದರೆ ಅಣ್ಣ? ಅವನಿಗೂ ಮರೆತಿತ್ತೇ? ಬಟ್ಟಲಲ್ಲಿ ಇನ್ನೂ ಹಸಿರು ಪುಡಿ ಉಳಿದಿತ್ತು. ಅಂಟು ಇತ್ತು. ಎರಡು ದಿನ ಕೂತರೆ ಬೇವು ಮತ್ತೆ ತುಂಬಿಕೊಳ್ಳುತ್ತಿತ್ತು. ಅದನ್ನು ಮುಟ್ಟಲಿಲ್ಲ. ಬೋಳು ಬೇವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಅಣ್ಣನ ಮನೆಗೆ ಹೋದೆ.

ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಹಲಗೆಗೆ ಬೆನ್ನು ಮಾಡಿ ಕೂತಿದ್ದ. ನಾನು ಬೇವನ್ನು ತಿರುವಿನ ತೂತಿನಲ್ಲಿ ಊರಿದೆ.

"ಎಲಿ ಎಲ್ಲಿ?" ಎಂದ ಅಣ್ಣ.

"ವಾರ್ನಿಷಿಗೆ ಉದುರಿದ್ವು. ಉದುರಿದ್ದ ಬರೋಬರಿ ಆತು. ಅವತ್ತ ಎಲಿ ಇರಲಿಲ್ಲಂತ."

"ಯಾಂವ ಹೇಳಿದಂವಾ?"

"ಕಾಲು ಕಳಕೊಂಡಾಕಿ."

ವೈನಿಯ ರೊಟ್ಟಿಯ ಸಪ್ಪಳ ನಿಂತಿತು. ಅಣ್ಣ ಮೊಣಕಾಲೂರಿ, ತಾನೇ ಮಾಡಿದ ಪುಟ್ಟ ಕೋಣೆಯ ಕಿಟಕಿಗೆ ಒಂದು ಕಣ್ಣು ಹಚ್ಚಿದ. "ದೂಡು" ಎಂದ. ನಾನು ಇಂಜಿನ್ನನ್ನು ಬೆರಳಿನಿಂದ ತಿರುವಿನ ಮೇಲೆ ಮೆಲ್ಲಗೆ ದೂಡಿದೆ. ಬೇವಿನ ಹಿಂದೆ ಬಂತು, ಬೇವು ದಾಟಿತು. "ಇನ್ನೊಮ್ಮಿ" ಎಂದ. ಇನ್ನೊಮ್ಮೆ ದೂಡಿದೆ.

"ಕಾಣತೈತಿ" ಎಂದ ಅಣ್ಣ. "ಉದ್ದಕ್ಕೂ ಕಾಣತೈತಿ."

"ಅಣ್ಣಾ, ನೀ ನೋಡಿದ್ಯೋ ಇಲ್ಲೋ?"

ಅವನು ಎದ್ದು ಟ್ರಂಕು ತೆಗೆದು ಆ ಡಬ್ಬಿಯನ್ನು ಹೊರಗೆ ತಂದ. ಒಂದು ಬದಿ ಕೆಂಪು, ಇನ್ನೊಂದು ಬದಿ ತಗಡು, ಮೇಲೆ ಕಲ್ಲಾದ ಕುಂಚ. "ಇದಕ್ಕ ಬಣ್ಣಾ ಹಚ್ಚಾಕತ್ತಿದ್ದೆ. ಟ್ರ್ಯಾಕ್ಟರ್‌ನವಾ ಹಾರ್ನ್ ಹೊಡದಾ. ನಡುವ ಬಿಟ್ರ ಬಣ್ಣಾ ಪಟ್ಟಿ ಪಟ್ಟಿ ಒಣಗತೈತಿ. ಲಗೂನ ಎತ್ತಿ ಬರೂಣಂತ ಓಡಿದೆ. ಸ್ಟೇಷನ್ ಕಡೆ ನೋಡಿದೆ. ತಿರುವಿನ ಕಡೆ..." ಅವನು ಮುಗಿಸಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತ. ನನಗಿಂತ ದೊಡ್ಡವನು, ಅಪ್ಪ ಸತ್ತಾಗಲೂ ಅಳದವನು, ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ವೈನಿ ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಂದೆ ನಿಂತರು. "ತಮ್ಮಾ, ಎಲಿ ಹಚ್ಚಿಬಿಡು. ಯಾರಿಗೂ ಗೊತ್ತಾಗೂದಿಲ್ಲ. ಆಕಿನ್ನ ಯಾರೂ ಕೇಳಿಲ್ಲಲ್ಲ, ಮುಂದೂ ಕೇಳೂದಿಲ್ಲ. ನಿನ್ನ ಕಾಲಿಗೆ ಬೀಳತೇನಿ" ಎಂದರು. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಬೇಡ ಅನ್ನಲಿಲ್ಲ. ಹಚ್ಚು ಎಂದೂ ಅನ್ನಲಿಲ್ಲ. ಅವನು ಬಾಯಿಬಿಟ್ಟು ಹಚ್ಚು ಎಂದಿದ್ದರೆ ಹಚ್ಚುತ್ತಿದ್ದೆನೋ ಏನೋ, ಇವತ್ತಿಗೂ ಹೇಳಲಾರೆ.

"ಹಚ್ಚೂದಿಲ್ಲ ವೈನಿ" ಎಂದೆ. "ನನ್ನ ಕೈಲೆ ಆಗೂದಿಲ್ಲ."

ವಿಚಾರಣೆಯ ದಿನ ಯೂನಿಯನ್ ಮುಖಂಡ ಹಲಗೆ ಒಯ್ಯಲು ಜೀಪು ತಂದಿದ್ದ. ಅಣ್ಣ ಹಲಗೆ ಬೇಡವೆಂದು ಹೇಳಿ ಬಸ್ಸಿಗೆ ಹೋದ. ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಹೊರಗೆ ಬಂದಾಗ ಮುಖಂಡ ಅವನ ಜೊತೆ ಮಾತಾಡಲಿಲ್ಲವಂತೆ. ಕೆಲವು ತಿಂಗಳಲ್ಲಿ ಕೆಲಸದಿಂದ ತೆಗೆದ ಆದೇಶ ಬಂತು. ನಿಜ ಹೇಳಿದ್ದಕ್ಕೆ ಶಿಕ್ಷೆ ಸ್ವಲ್ಪವಾದರೂ ಕಡಿಮೆಯಾದೀತು ಎಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಆಗಲಿಲ್ಲ. ಅಣ್ಣ ಈಗ ಊರ ಹೊರಗಿನ ಒಂದು ಗೋದಾಮಿನಲ್ಲಿ ಕಾವಲಿಗೆ ಹೋಗುತ್ತಾನೆ. ರೈಲು, ಬಣ್ಣ, ತಗಡು ಯಾವುದನ್ನೂ ಮುಟ್ಟುವುದಿಲ್ಲ. ಹಲಗೆ ನನ್ನ ಅಂಗಡಿಯ ಹಿಂದೆ ಗೋಡೆಗೆ ಒರಗಿದೆ.

ಆ ಹೆಣ್ಣುಮಗಳ ಮಿಕ್ಸರನ್ನು ನಾನೇ ಅವಳ ಮನೆಗೆ ಒಯ್ದು ಕೊಟ್ಟಿದ್ದೆ. ನಾನು ಯಾರ ತಮ್ಮನೆಂದು ಹೇಳಿದೆ, ತಾನು ನೋಡದೆ ಗೇಟು ಎತ್ತಿದೆನೆಂದು ಅಣ್ಣ ಒಪ್ಪಿಕೊಂಡನೆಂದೂ ಹೇಳಿದೆ. ಏನಾದರೂ ಅಂದಾಳು, ಬೈದಾಳು ಎಂದು ಕಾದೆ. ಅವಳು ಮಿಕ್ಸರಿನ ವೈರು ಚುಚ್ಚಿ, ಒಂದು ಹಿಡಿ ಶೇಂಗಾ ಹಾಕಿ ತಿರುವಿ ನೋಡಿದಳು. "ಅಂವಾ ಒಪ್ಪಿಕೊಂಡ್ರ ನಾ ಏನ್ ಮಾಡ್ಲೆಪ್ಪಾ?" ಎಂದಳು.

ಈ ಸಲ ಮತ್ತೆ ಕಡಲೆ ಕೀಳುವ ಹೊತ್ತು ಬಂತು. ಅಂಗಡಿಯ ಮುಂದಿನ ಬೇವು ಬೋಳಾಗಿತ್ತು, ಒಣ ಎಲೆ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ನಾನು ಒಂದು ಪಂಪಿಗೆ ತಂತಿ ಸುತ್ತುತ್ತ ಕೂತಿದ್ದಾಗ ವೈನಿ ಬಾಗಿಲಲ್ಲಿ ಬಂದು ನಿಂತರು. ಆವತ್ತಿನಿಂದ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಅಣ್ಣನ ಊಟದ ಡಬ್ಬಿ ಕೊಡಲು ಗೋದಾಮಿಗೆ ಹೊರಟಿದ್ದರು. ಒಳಗೆ ಬರ್ರಿ ಎಂದರೂ ಬರಲಿಲ್ಲ. ಬೋಳು ಗಿಡವನ್ನು ಒಮ್ಮೆ ತಲೆ ಎತ್ತಿ ನೋಡಿ, ನನ್ನ ಕಡೆ ತಿರುಗಿದರು.

"ಎಲಿ ಹಚ್ಚಿದ್ರ ನಿನ್ನ ಗಂಟೇನ ಹೋಗತಿತ್ತು ತಮ್ಮಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಡಬ್ಬಿ ಹಿಡಿದು ಹೋದರು.

ಎಷ್ಟು ಸುತ್ತು ಹಾಕಿದ್ದೆನೆಂಬ ಎಣಿಕೆ ತಪ್ಪಿತ್ತು. ತಂತಿಯನ್ನೆಲ್ಲ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದೆ.